ಗೆಳೆಯರ ಗುಂಪಿಗೊಂದು ಕೆಲಸ

ಸಾಹಿತ್ಯದ ಹುಚ್ಚಿರುವ ನಾಲ್ಕು ಮಂದಿ ಒಂದೆಡೆ ಸೇರಿ ‘ನಾವೂ ಒಂದು ಬಳಗ ಕಟ್ಟೋಣ’ ಎಂದುಕೊಂಡರೆ ಮೊದಲ ಸಂಜೆ ಪೂರ್ತಿ ಹೆಸರಿನ ಚರ್ಚೆಗೆ ಹೋಗುತ್ತದೆ. ವೇದಿಕೆ ಅನ್ನುವುದೋ, ಬಳಗ ಅನ್ನುವುದೋ, ಪ್ರತಿಷ್ಠಾನ ಅಂದರೆ ತೂಕ ಜಾಸ್ತಿಯೋ? ಎರಡನೆಯ ಸಂಜೆ ಲಾಂಛನ. ಅಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪು ಶುರುವಾಗಿ ಶುಭೋದಯದ ಗುಲಾಬಿಗಳು ಬೀಳತೊಡಗುತ್ತವೆ. ಮೂರನೆಯ ಸಂಜೆ ಉದ್ಘಾಟನೆಗೆ ಯಾರನ್ನು ಕರೆಯುವುದು, ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದರ ಮೇಲೆ ಒಬ್ಬಿಬ್ಬರು ಮುನಿಸಿಕೊಳ್ಳುತ್ತಾರೆ. ಕಡೆಗೂ ಉದ್ಘಾಟನೆ ಆಗುತ್ತದೆ: ದೀಪ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿಗಳ ಮುಕ್ಕಾಲು ಗಂಟೆ, ಅಧ್ಯಕ್ಷರ ಅರ್ಧ ಗಂಟೆ. ವಂದನಾರ್ಪಣೆ ಮಾಡುವವರು ಮೈಕ್ ಹಿಡಿಯುವ ಹೊತ್ತಿಗೆ ಉಪ್ಪಿಟ್ಟು ಆರಿರುತ್ತದೆ. ಇಷ್ಟೆಲ್ಲ ಆದಮೇಲೂ ಯಾರೊಬ್ಬರೂ ಒಂದು ಪುಟ ಓದಿರುವುದಿಲ್ಲ. ಎರಡನೆಯ ಸಭೆ ನಡೆದರೆ ಪುಣ್ಯ.

ಇದನ್ನು ಕುಹಕದಿಂದ ಹೇಳುತ್ತಿಲ್ಲ. ಇಂಥ ಉದ್ಘಾಟನೆಗಳಲ್ಲಿ ನಾನೂ ಹಾರ ಹಿಡಿದು ನಿಂತವನೇ. ಆದರೆ ಕನ್ನಡದಲ್ಲಿ ನಿಜಕ್ಕೂ ಬಾಳಿದ, ಏನನ್ನಾದರೂ ಉಳಿಸಿಹೋದ ಗೆಳೆಯರ ಕೂಟಗಳ ಕಥೆ ಓದುವಾಗ ಒಂದು ಮಾತು ಮತ್ತೆ ಮತ್ತೆ ಎದ್ದು ಕಾಣುತ್ತದೆ. ಅವರು ಬರೀ ಕೂಡಿ ಮಾತಾಡಲಿಲ್ಲ, ತಮ್ಮ ಹೊರಗಿನ ಒಂದು ಕೆಲಸವನ್ನು ಹೆಗಲಿಗೇರಿಸಿಕೊಂಡರು. ಚರ್ಚೆ, ಓದು, ಜಗಳ, ಚಹಾ ಎಲ್ಲವೂ ಆ ಕೆಲಸದ ಸುತ್ತ ಬೆಳೆದವು.

ಮೊದಲು ನೆನಪಾಗುವುದು ಧಾರವಾಡದ ‘ಗೆಳೆಯರ ಗುಂಪು’. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ 1918ರಲ್ಲಿ ಬಿ.ಎ. ಮುಗಿಸಿ ಊರಿಗೆ ಮರಳಿದ ದ.ರಾ. ಬೇಂದ್ರೆ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದರು. ಅವರ ಸುತ್ತ 1920ರ ದಶಕದ ಆರಂಭದಲ್ಲಿ ಈ ಗುಂಪು ಕೂಡಿತು. ಶಂ.ಬಾ. ಜೋಶಿ, ಆನಂದಕಂದರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ, ಎನ್ಕೆ ಹೀಗೆ ಒಬ್ಬೊಬ್ಬರೇ ಬಂದರು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿ ಬಂದ ವಿ.ಕೃ. ಗೋಕಾಕರೂ ಸೇರಿಕೊಂಡರು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಆ ಹುಡುಗನನ್ನು ಕನ್ನಡಕ್ಕೆ ಎಳೆತಂದವರು ಬೇಂದ್ರೆ. ಗೋಕಾಕರು ಕಡೆಯತನಕ ಅವರನ್ನು ಕಾವ್ಯಗುರು ಎಂದೇ ಕರೆದರು. ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಮುಗಳಿಯವರಿಗೆ 1956ರಲ್ಲಿ, ಬೇಂದ್ರೆಯವರಿಗೆ 1958ರಲ್ಲಿ, ಗೋಕಾಕರಿಗೆ 1960ರಲ್ಲಿ, ಶಂ.ಬಾ. ಅವರಿಗೆ 1970ರಲ್ಲಿ ಬಂತು. ಜ್ಞಾನಪೀಠ ಎರಡು. ಒಂದು ಸಣ್ಣ ಊರಿನ ಒಂದೇ ಗುಂಪಿನಿಂದ ಇಷ್ಟು.

ಪ್ರಶಸ್ತಿಯ ಲೆಕ್ಕ ಹೇಳಿದರೆ ಆ ಕಾಲ ಅರ್ಥವಾಗುವುದಿಲ್ಲ. ಧಾರವಾಡ ಆಗ ಮುಂಬೈ ಪ್ರಾಂತದಲ್ಲಿತ್ತು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಓದಿದವರ ನಾಲಗೆಯಲ್ಲಿ ಮರಾಠಿಗೆ ಇದ್ದ ಮಾನ ಕನ್ನಡಕ್ಕಿರಲಿಲ್ಲ. ಈ ಸ್ಥಿತಿ ಕಂಡೇ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು, 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದಿತ್ತು. ಅಲ್ಲಿ ಕನ್ನಡದಲ್ಲಿ ಕವಿತೆ ಬರೆದು ಗೆಳೆಯರೆದುರು ಓದುವುದೂ ಒಂದು ಪಕ್ಷ ಹಿಡಿದಂತೆಯೇ ಇತ್ತು. ಅತ್ತ ಪುಣೆಯಲ್ಲಿ ಸುಮಾರು ಅದೇ ಹೊತ್ತಿಗೆ, 1923ರಲ್ಲಿ, ಮಾಧವ ಜೂಲಿಯನ್, ಯಶವಂತ, ಗಿರೀಶ ಮೊದಲಾದ ಮರಾಠಿ ಕವಿಗಳು ‘ರವಿಕಿರಣ ಮಂಡಳ’ ಕಟ್ಟಿಕೊಂಡಿದ್ದರು. ಆ ಮಂಡಳ ಕಾವ್ಯದ ಮಂಡಳವಾಗಿತ್ತು. ಧಾರವಾಡದವರ ಗುಂಪಿಗೆ ಅದಕ್ಕಿಂತ ಹೆಚ್ಚಿನ ಹೊರೆ ಇತ್ತು: ಓದುಗರನ್ನೂ ಅವರೇ ಹುಟ್ಟಿಸಿಕೊಳ್ಳಬೇಕಿತ್ತು.

ಹಾಗಾಗಿಯೇ ಅವರು ಪತ್ರಿಕೆಗೆ ಕೈಹಾಕಿದರು. ‘ಸ್ವಧರ್ಮ’, ‘ಜಯಕರ್ನಾಟಕ’ಗಳ ಪುಟಗಳಲ್ಲಿ ಈ ಗೆಳೆಯರು ಬರೆದರು, ಬರೆಸಿದರು. ಕೃಷ್ಣಶರ್ಮರು ಮುಂದೆ ‘ಜಯಂತಿ’ ಎಂಬ ಮಾಸಪತ್ರಿಕೆಯನ್ನು ವರ್ಷಗಟ್ಟಲೆ ನಡೆಸಿದರು. ಇದಕ್ಕಿಂತ ದೊಡ್ಡದು ನಾಡಹಬ್ಬ. ನವರಾತ್ರಿ ಹೇಗೂ ಮನೆಮನೆಯಲ್ಲಿ ನಡೆಯುವ ಹಬ್ಬ. ಅದೇ ದಿನಗಳಲ್ಲಿ ಊರಿನವರು ಒಂದೆಡೆ ಸೇರಿ ನಾಡಿನ ಚರಿತ್ರೆ, ಹಾಡು, ಉಪನ್ಯಾಸ ಕೇಳಲಿ ಎಂದು ಹಬ್ಬಕ್ಕೇ ಕನ್ನಡವನ್ನು ಕಟ್ಟಿದರು. ಏಕೀಕರಣದ ಮಾತು ಪಟ್ಟಣದ ವಕೀಲರ ಬೈಠಕ್ಕಿನಿಂದ ಹಳ್ಳಿಯ ಗುಡಿಯ ಕಟ್ಟೆಗೆ ಇಳಿದದ್ದರಲ್ಲಿ ಈ ಹಬ್ಬದ ಪಾಲು ಬಲು ದೊಡ್ಡದು. ಕವಿಗಳ ಗುಂಪೊಂದು ಭಾಷಣಕಾರರನ್ನು ಹೊಂದಿಸುವುದು, ಊರೂರಿಗೆ ಹೋಗುವುದು, ಚಂದಾ ಎತ್ತುವುದು ಇಂಥ ಧೂಳಿನ ಕೆಲಸವನ್ನು ಮಾಡಿತು. ಕವಿಗಳು ಅದರಿಂದ ಕೆಟ್ಟರೆಂದು ಯಾರೂ ಹೇಳಿಲ್ಲ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನ ನಡೆದಾಗ ಬೇಂದ್ರೆ ಕವಿತೆ ಓದಿ ಸಭೆಯನ್ನೇ ಗೆದ್ದರಲ್ಲ, ಆ ಓದಿನ ಕಸುವು ಎಲ್ಲಿಂದ ಬಂದೀತು? ಗೆಳೆಯರ ನಡುವೆ, ಗದ್ದಲದ ನಡುವೆ, ಕಿವಿಯಿಂದಲೇ ಕಾವ್ಯ ಕೇಳುವ ಜನರ ನಡುವೆ ಓದಿ ಓದಿ ಬಂದದ್ದು ಅದು ಎಂಬುದು ನನ್ನ ಊಹೆ.

ಆದರೆ ‘ಗರಿ’ ಕವನ ಸಂಕಲನದಲ್ಲಿದ್ದ ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನು ಸೆರೆಗೆ ಕಳಿಸಿತು, ಆಮೇಲೆ ಮುಗದ ಎಂಬ ಹಳ್ಳಿಯಲ್ಲಿ ಇರಿಸಿತು. ನೌಕರಿ ಹೋಯಿತು. ಸೊಲ್ಲಾಪುರದ ಕಾಲೇಜಿನ ಕೆಲಸ ಸಿಕ್ಕಿದ್ದು 1944ರಲ್ಲಿ. ನಡುವಿನ ಆ ಕಷ್ಟದ ವರ್ಷಗಳಲ್ಲಿ ಗುಂಪು ಮೊದಲಿನಂತೆ ಉಳಿಯಲಿಲ್ಲ.

ಇನ್ನೊಂದು ಗುಂಪು ಧಾರವಾಡದಷ್ಟೂ ಹೆಸರಿಲ್ಲದ ಊರಿನದು. ವಿಜಯಪುರ ಜಿಲ್ಲೆಯ, ಮಹಾರಾಷ್ಟ್ರದ ಗಡಿಗೆ ಹತ್ತಿರದ ಹಲಸಂಗಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಈ ನಾಲ್ವರನ್ನು ನಾಡು ‘ಹಲಸಂಗಿ ಗೆಳೆಯರು’ ಎಂದೇ ಕರೆಯಿತು. ಕಾಲೇಜು ಇಲ್ಲದ, ಅಚ್ಚುಕೂಟ ಇಲ್ಲದ ಹಳ್ಳಿ. ಆದರೆ ಲಾವಣಿಯ ಖಾಜಾಭಾಯಿ ಹಾಡಿದ ಊರು ಅದು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಹೆಂಗಸರು ತ್ರಿಪದಿ ಹಾಡುತ್ತಿದ್ದ ಮನೆಗಳ ಊರು. ಈ ಗೆಳೆಯರು ಅರವಿಂದರನ್ನು ಓದಿದರು, ಪಾಶ್ಚಾತ್ಯ ಕಾವ್ಯವನ್ನೂ ಓದಿದರು. ಓದಿ, ತಮ್ಮ ಅವ್ವಂದಿರ ಹಾಡನ್ನು ಬರೆದಿಡತೊಡಗಿದರು. 1931ರಲ್ಲಿ ‘ಗರತಿಯ ಹಾಡು’ ಬಂತು. ಆಮೇಲೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಜಾನಪದ ಎಂಬ ವಿಷಯಕ್ಕೆ ವಿಶ್ವವಿದ್ಯಾಲಯಗಳಲ್ಲಿ ಒಂದು ಕುರ್ಚಿ ಸಿಗುವುದಕ್ಕೆ ದಶಕಗಳ ಮೊದಲು ನಡೆದ ಕೆಲಸ ಇದು.

ಈ ಕೆಲಸ ಎಷ್ಟು ಕಷ್ಟ ಎಂಬುದು ಕೂತು ಮಾಡಿದವರಿಗೇ ಗೊತ್ತು. ನನ್ನ ಸೋದರತ್ತೆಗೆ ಬೀಸುಕಲ್ಲಿನ ಪದ ನೂರಾರು ಬರುತ್ತಿದ್ದವು ಎಂದು ಮನೆಯಲ್ಲೆಲ್ಲ ಹೆಸರು. ಮೊಬೈಲ್ ಮುಂದಿಟ್ಟು ‘ಅತ್ತಿ, ಹೇಳು’ ಅಂದೆ. ಒಂದು ಪದ ಹೇಳಿದಳು, ಎರಡನೆಯದು ಅರ್ಧಕ್ಕೆ ನಿಂತಿತು. ‘ಕೈಯಾಗ ಗೂಟ ಇಲ್ಲದ ಬಾಯಿಗೆ ಬರೂದಿಲ್ಲೋ’ ಅಂದಳು. ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಕಲ್ಲನ್ನು ತೊಳೆದು ಒಳಗೆ ತಂದೆವು. ಒಂದು ಮುಷ್ಟಿ ಜೋಳ ಹಾಕಿ ಗೂಟ ಹಿಡಿದು ತಿರುಗಿಸತೊಡಗಿದಾಗ ಪದ ತಾನಾಗಿ ಬಂತು. ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಾಲು, ಕೈ ಬದಲಿಸುವಾಗ ಒಂದು ಉಸಿರು. ಆದರೆ ಕಲ್ಲಿನ ಸದ್ದಿನಲ್ಲಿ ರೆಕಾರ್ಡಿಂಗಿನ ಅರ್ಧ ಮಾತು ಮುಳುಗಿಹೋಗಿತ್ತು. ಯಂತ್ರವೇ ಇಲ್ಲದ ಕಾಲದಲ್ಲಿ, ಗಂಡಸರು ಪಡಸಾಲೆ ದಾಟಿ ಒಳಗೆ ಹೋಗುವುದೇ ಕಷ್ಟವಾಗಿದ್ದ ಮನೆಗಳಲ್ಲಿ, ಹಲಸಂಗಿಯವರು ಸಾವಿರಗಟ್ಟಲೆ ಸಾಲು ಹೇಗೆ ಕೂಡಿಸಿದರೋ! ಒಬ್ಬನ ಕೈಯಲ್ಲಿ ಆಗುವಂಥದ್ದಲ್ಲ ಅದು. ಒಬ್ಬನಿಗೆ ಅವ್ವ ಹಾಡಿದಳು, ಇನ್ನೊಬ್ಬನಿಗೆ ಅಕ್ಕ, ಮತ್ತೊಬ್ಬನಿಗೆ ನೆರೆಮನೆಯ ಮುದುಕಿ. ಗುಂಪು ಬೇಕಾಗುವುದು ಇಂಥಲ್ಲಿ.

ಮಧುರಚೆನ್ನ 1953ರಲ್ಲಿ ತೀರಿಕೊಂಡರು, ಇನ್ನೂ ಮುಪ್ಪಿನ ವಯಸ್ಸಲ್ಲ. ಸಿಂಪಿ ಲಿಂಗಣ್ಣ ತುಂಬು ಬಾಳು ಬಾಳಿ, ಬರೆದು, ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹಲಸಂಗಿಯ ಗೆಳೆಯರಲ್ಲಿ ಒಬ್ಬರು ಧೂಲಾಸಾಹೇಬ ಎಂಬುದನ್ನು ಇವತ್ತು ಒತ್ತಿ ಹೇಳಬೇಕಾಗಿ ಬಂದಿದೆ. ಆ ಗೆಳೆಯರಿಗೆ ಹಾಗೆ ಹೇಳಬೇಕೆನಿಸಿರಲಿಕ್ಕಿಲ್ಲ.

ಗುಂಪು ಚದುರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಧಾರವಾಡದ ಸುಭಾಸ ರಸ್ತೆಯ ಒಂದು ಅಟ್ಟವನ್ನು ನೋಡಬೇಕು. ಗೆಳೆಯರ ಗುಂಪಿನಲ್ಲಿದ್ದ ಜಿ.ಬಿ. ಜೋಶಿ 1933ರಲ್ಲಿ ಜೊತೆಗಾರರೊಂದಿಗೆ ಮನೋಹರ ಗ್ರಂಥಮಾಲೆ ಕಟ್ಟಿದರು. ಪುಸ್ತಕ ಮೊದಲು ಅಚ್ಚು ಹಾಕಿ ಆಮೇಲೆ ಗಿರಾಕಿ ಹುಡುಕುವ ಕ್ರಮವಲ್ಲ ಅವರದು. ಓದುಗರು ವರ್ಷದ ಚಂದಾ ಕಟ್ಟಬೇಕು, ಆ ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಇದು ವ್ಯಾಪಾರದ ಉಪಾಯ ನಿಜ, ಆದರೆ ಗೆಳೆತನದ ಉಪಾಯವೂ ಹೌದು. ಚಂದಾದಾರನಿಗೆ ಯಾವ ಪುಸ್ತಕ ಬರುತ್ತದೆಂದು ಗೊತ್ತಿಲ್ಲ, ಆದರೂ ದುಡ್ಡು ಕೊಟ್ಟಿದ್ದಾನೆ. ಆ ನಂಬಿಕೆಯ ಮೇಲೆ ಪ್ರಕಾಶಕ ಹೊಸಬರನ್ನು ಅಚ್ಚು ಹಾಕುವ ಧೈರ್ಯ ಮಾಡಬಹುದು. ರಾವಬಹಾದ್ದೂರರ ‘ಗ್ರಾಮಾಯಣ’, ಶಾಂತಿನಾಥ ದೇಸಾಯಿಯವರ ‘ಮುಕ್ತಿ’, ಗಿರೀಶ ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’, ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಎಲ್ಲವೂ ಹೊರಬಿದ್ದದ್ದು ಆ ಅಟ್ಟದಿಂದ. ಇವುಗಳಲ್ಲಿ ಕೆಲವು ಬಂದಾಗ ಬೈದವರೂ ಇದ್ದರು.

ಅಟ್ಟ ಬರೀ ಕಚೇರಿಯಾಗಿರಲಿಲ್ಲ. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಅಲ್ಲಿ ಯಾರಾದರೂ ಹಸ್ತಪ್ರತಿ ಹಿಡಿದು ಕೂತಿರುವರು, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ತಾಸುಗಟ್ಟಲೆ ಮಾತಾಡುವರು, ಜಿ.ಬಿ. ಜೋಶಿ ಚಹಾ ತರಿಸುವರು. ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ದಲ್ಲಿ ಈ ಅಟ್ಟಕ್ಕೆ ದೊಡ್ಡ ಸ್ಥಾನವೇ ಇದೆ. ಹೊರಗಿನಿಂದ ನೋಡಿದರೆ ಹರಟೆ. ಆ ಹರಟೆಯ ಕೊನೆಯಲ್ಲಿ ಕರಡು ತಿದ್ದುವ ಹಾಳೆ ಇರುತ್ತಿತ್ತು, ಅಂಚೆಗೆ ಹೋಗಬೇಕಾದ ಕಟ್ಟು ಇರುತ್ತಿತ್ತು. ಜಿ.ಬಿ.ಯವರ ನಂತರ ಮಗ ರಮಾಕಾಂತ ಜೋಶಿ ಅದನ್ನು ಮುಂದುವರಿಸಿದರು.

ಇದೇ ಧಾಟಿಯ ಇನ್ನೂ ಹಲವು. ಹೆಗ್ಗೋಡಿನಲ್ಲಿ 1949ರಲ್ಲಿ ಅಡಿಕೆ ತೋಟದ ಹುಡುಗರು ಕೂಡಿ ನಾಟಕ ಆಡಲೆಂದು ಕಟ್ಟಿದ ನೀನಾಸಂ ಈಗ ಎಲ್ಲರಿಗೂ ಗೊತ್ತಿರುವ ಕಥೆ. ಅಮೆರಿಕದ ಕನ್ನಡಿಗರ ‘ಕನ್ನಡ ಸಾಹಿತ್ಯ ರಂಗ’ ವಸಂತ ಸಾಹಿತ್ಯೋತ್ಸವ ನಡೆಸಿದಾಗ ಅಲ್ಲಿನವರೇ ಬರೆದ ಪುಸ್ತಕವೊಂದನ್ನೂ ತರುತ್ತದೆ. ಸಮಾರಂಭ ಮುಗಿದ ಮೇಲೂ ಕೈಯಲ್ಲಿ ಏನಾದರೂ ಉಳಿಯುತ್ತದೆ.

ಜಗಳದ ಮಾತನ್ನೂ ಆಡಿಬಿಡಬೇಕು. ಗೆಳೆಯರ ಗುಂಪು ಎಂದರೆ ಸದಾ ಹೆಗಲ ಮೇಲೆ ಕೈ ಹಾಕಿಕೊಂಡ ಫೋಟೊ ಎಂದು ನಂಬಿದವರು ಇತಿಹಾಸ ಓದಿಲ್ಲ. ಬೇಂದ್ರೆ ಮತ್ತು ಶಂ.ಬಾ. ಇಬ್ಬರ ಆಲೋಚನೆಯ ದಾರಿಗಳು ದೂರ ದೂರ ಹೋದವು. ಒಬ್ಬರು ಪರಂಪರೆಯ ಒಳಗೆ ಮುಳುಗಿ ಮಾತಾಡಿದರೆ ಇನ್ನೊಬ್ಬರು ಅದರ ಬುಡವನ್ನೇ ಅಗೆದು ನೋಡಿದರು. 1964ರಲ್ಲಿ ಅದೇ ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರು ಸೇರಿ ‘ಸಂಕ್ರಮಣ’ ಶುರು ಮಾಡಿದರು. ಮುಂದೆ ಇಬ್ಬರು ಹೊರನಡೆದರು, ಚಂಪಾ ಅದನ್ನು ದಶಕಗಳ ಕಾಲ ನಡೆಸಿದರು. ಮೂವರೂ ಬರೆದರು, ಮೂವರೂ ಒಬ್ಬರಿನ್ನೊಬ್ಬರಿಗಿಂತ ಬೇರೆಯಾಗಿ ಬರೆದರು. ಒಡೆಯಿತು ಎಂದು ಅಳುವವರು ಈ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಮಟ್ಟಿಗೆ, ಇಪ್ಪತ್ತು ವರ್ಷ ಒಂದೇ ಮಾತು ಆಡುವ ಬಳಗಕ್ಕಿಂತ ಐದು ವರ್ಷ ದುಡಿದು ಜಗಳಾಡಿ ಬೇರೆಯಾದ ಬಳಗವೇ ಮೇಲು.

ಜಗಳಕ್ಕಿಂತ ನನ್ನನ್ನು ಕಾಡುವುದು ಬೇರೆ. ಈ ಗುಂಪುಗಳ ಹೆಸರುಗಳನ್ನು ಮತ್ತೊಮ್ಮೆ ಓದಿ. ಒಬ್ಬ ಹೆಂಗಸೂ ಇಲ್ಲ. ‘ಗರತಿಯ ಹಾಡು’ ಹಾಡಿದವರು ಹೆಂಗಸರು, ಬರೆದುಕೊಂಡು ಹೆಸರಾದವರು ಗಂಡಸರು. ಪುಣೆಯ ರವಿಕಿರಣ ಮಂಡಳದಲ್ಲಿ ಮನೋರಮಾಬಾಯಿ ರಾನಡೆ ಎಂಬ ಕವಯಿತ್ರಿ ಇದ್ದರು, ಧಾರವಾಡದಲ್ಲಿ ಅಂಥ ಒಂದು ಹೆಸರು ಕಾಣುವುದಿಲ್ಲ. ಸಂಜೆ ಏಳಕ್ಕೆ ಕೂಡುವ ಬೈಠಕ್ಕಿಗೆ ಯಾರು ಬರಬಹುದು, ಆ ಹೊತ್ತಿಗೆ ಒಲೆಯ ಮುಂದೆ ಯಾರಿರುತ್ತಾರೆ ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ಕರ್ನಾಟಕ ಲೇಖಕಿಯರ ಸಂಘ ಹುಟ್ಟಲು 1979 ಬರಬೇಕಾಯಿತು. ಇವತ್ತು ಬಳಗ ಕಟ್ಟುವವರು ಹೊತ್ತು ಗೊತ್ತುಮಾಡುವಾಗಲೇ ಇದನ್ನು ಯೋಚಿಸಿದರೆ ಒಳ್ಳೆಯದು.

ನಾವು ಕೆಲವರು ಕೂಡಿ ಓದುತ್ತಿರುವುದು ಭಾನುವಾರ ಮಧ್ಯಾಹ್ನ ಮೂರಕ್ಕೆ, ಒಬ್ಬರ ಮನೆಯ ಮಾಳಿಗೆಯ ಮೇಲೆ. ಮೊದಮೊದಲು ‘ಮನೆಯಲ್ಲಿ ಓದಿಕೊಂಡು ಬನ್ನಿ, ಇಲ್ಲಿ ಚರ್ಚಿಸೋಣ’ ಎಂದು ನಿಯಮ ಮಾಡಿದೆವು. ಅರ್ಧ ಜನ ಓದದೆ ಬರುತ್ತಿದ್ದರು. ಓದದವರು ಹೆಚ್ಚು ಮಾತಾಡುತ್ತಿದ್ದರು. ಆಮೇಲೆ ನಿಯಮ ಬದಲಿಸಿದೆವು: ಕಥೆಯನ್ನು ಅಲ್ಲಿಯೇ, ಸರದಿಯಂತೆ, ಗಟ್ಟಿಯಾಗಿ ಓದುವುದು.

ಒಮ್ಮೆ ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಓದುತ್ತಿದ್ದೆವು. ಸೊಸೆಯೊಂದಿಗೆ ಜಗಳವಾಡಿ ಬೇರೆಯಾದ ಮಂಗಮ್ಮ ತನಗೆಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುವ ಭಾಗ ಬಂತು. ನಮ್ಮಲ್ಲಿ ಓದಿಕೊಂಡವರೊಬ್ಬರು ವೃದ್ಧಾಪ್ಯದ ಒಂಟಿತನ, ಕುಟುಂಬದ ಅಧಿಕಾರ ಎಂದು ಚೆನ್ನಾಗಿಯೇ ವಿವರಿಸಿದರು. ಗೆಳತಿಯೊಬ್ಬಳ ತಾಯಿ ಮೂಲೆಯಲ್ಲಿ ಕೂತಿದ್ದರು, ಮಗಳ ಜೊತೆ ಸುಮ್ಮನೆ ಬಂದವರು. ‘ಜಾಕೀಟಿನ ದುಡ್ಡು ಯಾರದು? ಆಕೀ ಮೊಸರಿಂದು. ಹಿಂದಿನ ದುಡ್ಡೂ ಆಕೀ ಮೊಸರಿಂದ ಬಂದದ್ದು. ಆದರ ಅದು ಮನೀಗೆ ಹೋಗತಿತ್ತು, ಯಾರೂ ಕೇಳತಿರಲಿಲ್ಲ. ತನಗ ಅಂತ ಒಂದು ತುಂಡು ಅರಿವಿ ತಗೊಂಡಕೂಡಲೇ ಊರೆಲ್ಲ ನೋಡಾಕ ಹತ್ತಿತು’ ಅಂದರು. ಆಮೇಲೆ ಆ ಸಂಜೆ ಪೂರ್ತಿ ಮಾತು ದುಡ್ಡಿನ ಮೇಲೆ ಹೋಯಿತು. ಮನೆಯಲ್ಲಿ ಅವ್ವಂದಿರು ಸಾಸಿವೆ ಡಬ್ಬಿಯಲ್ಲಿಟ್ಟ ಹಣ, ಸಂಘದ ಸಾಲ, ಪಿಂಚಣಿಯ ಪಾಸ್‌ಬುಕ್ ಯಾರ ಕೈಯಲ್ಲಿರುತ್ತದೆ ಇತ್ಯಾದಿ. ನಾನು ಮಂಗಮ್ಮನನ್ನು ಎಷ್ಟೋ ಸಲ ಓದಿದ್ದೇನೆ, ಪಾಠವನ್ನೂ ಕೇಳಿದ್ದೇನೆ. ಜಾಕೀಟಿನ ಲೆಕ್ಕವನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಅಂಥ ಸಂಜೆಗಳು ಅಪರೂಪ ಎಂಬುದನ್ನೂ ಹೇಳಬೇಕು. ಬಹಳಷ್ಟು ಭಾನುವಾರ ಒಬ್ಬರ ಫೋನು ಬಡಿಯುತ್ತದೆ, ಇನ್ನೊಬ್ಬರು ತಮ್ಮದೇ ಕವಿತೆ ತಂದಿರುತ್ತಾರೆ, ಮತ್ತೊಬ್ಬರು ಚಹಾದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಸ್ವಂತ ಕವಿತೆಯ ವಿಷಯದಲ್ಲಿ ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಓದಿದವರು ಆಮೇಲೆ ವಿವರಣೆ ಕೊಡುವಂತಿಲ್ಲ, ಕೇಳಿದವರು ‘ಚೆನ್ನಾಗಿದೆ’ ಎನ್ನುವಂತಿಲ್ಲ. ಒಂದು ಸಾಲು ಎತ್ತಿಕೊಂಡು ಅದರ ಬಗ್ಗೆಯೇ ಮಾತಾಡಬೇಕು. ಇದರಿಂದ ಒಂದಿಬ್ಬರು ಬರುವುದು ಬಿಟ್ಟರು. ಉಳಿದವರ ಕವಿತೆ ತುಸು ಚಿಕ್ಕದಾಗಿದೆ, ತುಸು ಚೊಕ್ಕವೂ ಆಗಿದೆ.

ಈಗ ನಾವು ಕೈಗೆತ್ತಿಕೊಂಡಿರುವುದು ಊರಿನ ಹಳೆಯ ಅಂಗಡಿ, ಗಿರಣಿ, ಟೂರಿಂಗ್ ಟಾಕೀಸುಗಳ ನೆನಪುಗಳನ್ನು ಹಿರಿಯರಿಂದ ಕೇಳಿ ಬರೆದಿಡುವ ಕೆಲಸ. ಒಬ್ಬರು ಮಾತಾಡಿಸುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಒಬ್ಬರು ಫೋಟೊ ಹುಡುಕುತ್ತಾರೆ. ಬರೆದದ್ದನ್ನು ಭಾನುವಾರ ಹೇಳಿದವರ ಎದುರೇ ಓದುತ್ತೇವೆ, ಅವರು ತಪ್ಪು ತಿದ್ದುತ್ತಾರೆ. ಈ ಕೆಲಸ ಶುರುವಾದ ಮೇಲೆ ಸಭೆ ತಪ್ಪಿಸುವವರು ಕಡಿಮೆಯಾಗಿದ್ದಾರೆ. ‘ಈ ವಾರ ನನ್ನ ಪಾಲು ಆಗಿಲ್ಲ’ ಎಂದು ನಾಚಿಕೊಳ್ಳುವುದು ‘ಈ ವಾರ ಬರಲಾಗಲಿಲ್ಲ’ ಎಂಬುದಕ್ಕಿಂತ ಬೇರೆಯದೇ ನಾಚಿಕೆ.

ನೀವೂ ಇಂಥದೊಂದು ಬಳಗ ಕಟ್ಟುವ ಯೋಚನೆಯಲ್ಲಿದ್ದರೆ ಹೆಸರು, ಲಾಂಛನ, ಅಧ್ಯಕ್ಷರು, ಬ್ಯಾನರು ಎಲ್ಲವನ್ನೂ ಒಂದು ವರ್ಷ ಮುಂದಕ್ಕೆ ಹಾಕಿ. ಐದಾರು ಜನ ಸಾಕು, ಅವರಲ್ಲಿ ಇಬ್ಬರಾದರೂ ನಿಮ್ಮ ಮಾತಿಗೆ ತಲೆಯಾಡಿಸದವರಾಗಿರಲಿ. ಓದಲು ಒಂದು ಕಥೆ, ಮಾಡಲು ಒಂದು ಕೆಲಸ ಇಟ್ಟುಕೊಳ್ಳಿ. ಕೆಲಸಕ್ಕೇನೂ ಬರವಿಲ್ಲ. ನಿಮ್ಮ ಊರಿನ ವಾಚನಾಲಯದ ಗೆದ್ದಲು ಹಿಡಿದ ಕಪಾಟು ಇದೆ, ಕನ್ನಡ ಶಾಲೆಯ ಮಕ್ಕಳಿಗೆ ಶನಿವಾರ ಕಥೆ ಓದಿ ಹೇಳುವವರು ಬೇಕಾಗಿದ್ದಾರೆ, ನಿಮ್ಮದೇ ಓಣಿಯಲ್ಲಿ ನೂರು ಪದ ಬರುವ ಮುದುಕಿಯೊಬ್ಬಳಿದ್ದಾಳೆ. ಆಕೆಯ ಮನೆಗೆ ಈ ವಾರವೇ ಹೋಗಿ. ಬರೆದುಕೊಂಡ ಪ್ರತಿ ಪದದ ಕೆಳಗೆ ಆಕೆಯ ಹೆಸರನ್ನು ಮರೆಯದೆ ಬರೆಯಿರಿ.